ಒಂಟಿ ಉಳಿದ ಹೇಂಟೆ

ಈ ಸಂಚಿಕೆಗೆ ಸಂಪಾದಕರು ನನ್ನಿಂದ ಕೇಳಿದ್ದು ಒಂದು ಕವನ. ನಾನು ಕೊಡುತ್ತಿರುವುದು ಒಂದು ಕೋಳಿ. ನಗಬೇಡಿ. ಹೋದ ಕಾರ್ತಿಕದಿಂದ ಈಚೆಗೆ ನನ್ನ ತಲೆಯಲ್ಲಿ ಕೋಳಿಯನ್ನು ಬಿಟ್ಟು ಬೇರೇನೂ ಇಲ್ಲ. ಇಲ್ಲದ್ದನ್ನು ಇದೆ ಅಂತ ಬರೆಯುವುದಕ್ಕಿಂತ ಇರುವುದನ್ನೇ ಬರೆಯುವುದು ವಾಸಿ. "ಕೋಳಿ ವಿಷಯ ಸಾಹಿತ್ಯ ಹೆಂಗಯ್ಯಾ ಆಗುತ್ತೆ?" ಅಂದರು ಸಂಪಾದಕರು. ತನ್ನ ಹುಂಜ ಕೂಗದಿದ್ದರೆ ಊರಿಗೆ ಬೆಳಗೇ ಆಗುವುದಿಲ್ಲ ಅಂತ ತಿಳಿದು, ಅದನ್ನು ಕಂಕುಳಲ್ಲಿ ಇರುಕಿಕೊಂಡು ಊರು ಬಿಟ್ಟು ಹೋದ ಮುದುಕಿಯ ಕತೆ ಕೇಳದ ಕನ್ನಡಿಗ ಯಾರಿದ್ದಾನೆ ಹೇಳಿ ಅಂದೆ. ಸುಮ್ಮನಾದರು.

ವಿಷಯ ಇಷ್ಟೆ: ಒಂದು ಮನೆಯಲ್ಲಿ ಏಳು ಕೋಳಿಗಳಿದ್ದು, ಒಂದೇ ರಾತ್ರಿಯಲ್ಲಿ ಆರು ಸತ್ತು ಒಂದು ಉಳಿದರೆ ಆ ಒಂದಕ್ಕೆ ಏನಾಗುತ್ತದೆ? ಅದಕ್ಕೆ ನಾವು ಏನು ಮಾಡಬಹುದು, ಏನು ಮಾಡಬಾರದು? ಮಾಡಬಾರದ್ದರಲ್ಲಿ ಮುಕ್ಕಾಲು ಪಾಲನ್ನು ನಾನೇ ಮಾಡಿ ನೋಡಿದ್ದೇನೆ. ಹಾಗಾಗಿ ಬರೆಯುವ ಅಧಿಕಾರ ನನಗಿದೆ ಅಂತ ತಿಳಿದಿದ್ದೇನೆ.

ಊರು, ಮನೆ, ಏಳು ಕೋಳಿ

ನಮ್ಮ ಮನೆ ಇರುವುದು ಕ್ರೋಂಪೇಟೆಯಲ್ಲಿ. ಬೀಚ್ ಸ್ಟೇಷನ್ನಿನಿಂದ ತಾಂಬರಂ ಕಡೆಗೆ ಹೋಗುವ ಲೋಕಲ್ ರೈಲಿನಲ್ಲಿ ಪಲ್ಲಾವರಂ ದಾಟಿದ ಕೂಡಲೇ ಸಿಗುವ ಊರು. ಕ್ರೋಮ್ ಹಾಕಿ ಚರ್ಮ ಹದ ಮಾಡುವ ಕಂಪನಿಯೊಂದು ಇದ್ದದ್ದರಿಂದ ಈ ಹೆಸರು ಬಂತು. 1949ರಲ್ಲಿ ಶುರುವಾದ ಎಂ.ಐ.ಟಿ. ಇಲ್ಲೇ ಇರುವುದರಿಂದ ನಮ್ಮ ಓದುಗರಲ್ಲಿ ಕೆಲವರಾದರೂ ಈ ಸ್ಟೇಷನ್ನಿನಲ್ಲಿ ಇಳಿದಿರುತ್ತೀರಿ. ಇಳಿದವರಿಗೆ ಕಾಣುವುದು ಅಂಗಡಿ, ಬಸ್ಸು, ಹೊಗೆ. ಆದರೆ ಒಳಗಿನ ಬೀದಿಗಳಲ್ಲಿ ಇವತ್ತಿಗೂ ತೆಂಗಿನ ಮರ ಇರುವ ಹಿತ್ತಲುಗಳಿವೆ, ಬಳ್ಳಾರಿ ಜಾಲಿ ಬೆಳೆದು ಪೊದೆಯಾದ ಖಾಲಿ ಸೈಟುಗಳಿವೆ, ಪಲ್ಲಾವರದ ಗುಡ್ಡ ಹತ್ತಿರದಲ್ಲೇ ಇದೆ. 1863ರಲ್ಲಿ ರಾಬರ್ಟ್ ಬ್ರೂಸ್ ಫೂಟ್ ಎಂಬ ಭೂಗರ್ಭಶಾಸ್ತ್ರಜ್ಞನಿಗೆ ಹಳೆ ಶಿಲಾಯುಗದ ಕಲ್ಲಿನ ಕೊಡಲಿ ಸಿಕ್ಕಿದ್ದು ಇದೇ ಪಲ್ಲಾವರದಲ್ಲಿ. ಅಂದರೆ ಮನುಷ್ಯನೂ ಕಾಡುಪ್ರಾಣಿಯೂ ಈ ನೆಲಕ್ಕಾಗಿ ಜಗಳ ಆಡುತ್ತಿರುವುದು ನಿನ್ನೆ ಮೊನ್ನೆಯಿಂದಲ್ಲ.

ಕೋಳಿಗಳು ನಮ್ಮ ಅಜ್ಜಿಯವು. ತಾತ ತೀರಿಕೊಂಡ ಮೇಲೆ ಅಪ್ಪ ಆಕೆಯನ್ನು ಮಳವಳ್ಳಿ ಕಡೆಯ ಹಳ್ಳಿಯಿಂದ ಇಲ್ಲಿಗೆ ಕರೆತಂದರು. ಅಜ್ಜಿಗೆ ತಮಿಳು ಬರುವುದಿಲ್ಲ. ಅಪ್ಪ ಕೆಲಸಕ್ಕೆ, ಅಮ್ಮ ಕೆಲಸಕ್ಕೆ, ನಾನು ಕಾಲೇಜಿಗೆ. ಬೆಳಗಿನಿಂದ ಸಂಜೆ ತನಕ ಕನ್ನಡ ಮಾತಾಡುವುದಕ್ಕೆ ಆಕೆಗೆ ಇದ್ದದ್ದು ಈ ಏಳೇ: ಆರು ಹೇಂಟೆ, ಒಂದು ಹುಂಜ. ಆರರಲ್ಲಿ ಕಡೆಯದು ಬೂದಿ. ಬಣ್ಣ ಬೂದಿ, ಹೆಸರೂ ಬೂದಿ. ಎಲ್ಲರೂ ತಿಂದ ಮೇಲೆ ತಿನ್ನುವುದು, ಎಲ್ಲರ ಕೈಲೂ ಕುಕ್ಕಿಸಿಕೊಳ್ಳುವುದು ಅದರ ಹಣೆಬರಹ. ಗೂಡಿನೊಳಗೆ ಜಾಗ ಬಿಡುತ್ತಿರಲಿಲ್ಲವಾಗಿ ಸಂಜೆಯಾದರೆ ನುಗ್ಗೆ ಮರದ ಕೊಂಬೆ ಹತ್ತಿ ಕೂರುತ್ತಿತ್ತು. ಅಜ್ಜಿ ದಿನವೂ ಅದನ್ನು ಇಳಿಸಿ, ಗೂಡಿಗೆ ಹಾಕಿ, ಎಣಿಸಿ, ಅಗುಳಿ ಹಾಕುತ್ತಿದ್ದಳು.

ಆ ದಿನ ಅಜ್ಜಿಗೆ ಜ್ವರ. "ಮಗಾ, ಏಳ್ನೂವೆ ಎಣ್ಸಿ ಅಗಳಿ ಆಕ್ಬುಡ್ಲಾ" ಅಂದಳು. ಮಳೆ ಹನಿಯುತ್ತಿತ್ತು. ನಾನು ಓಡಿ ಹೋಗಿ ಬಾಗಿಲು ನೂಕಿ ಓಡಿ ಬಂದೆ. ಎಣಿಸಲಿಲ್ಲ. ಅಗುಳಿ ಬಿದ್ದಿತೋ ಇಲ್ಲವೋ ನೋಡಲಿಲ್ಲ. ಬಿದ್ದಿರಲಿಲ್ಲ.

ಬೆಳಿಗ್ಗೆ ನೋಡಿದರೆ ಗೂಡಿನಲ್ಲಿ ಐದು ಹೆಣ. ಹುಂಜದ ಪುಕ್ಕ ಮಾತ್ರ ಕಾಂಪೌಂಡಿನ ಮೂಲೆಯಲ್ಲಿತ್ತು. ನುಗ್ಗೆ ಮರದ ಮೇಲೆ ಬೂದಿ ಕುಳಿತಿತ್ತು. ಯಾವ ಅಲಕ್ಷ್ಯದಿಂದ ಆರು ಸತ್ತವೋ ಅದೇ ಅಲಕ್ಷ್ಯದಿಂದ ಒಂದು ಬದುಕಿತು. ಎಣಿಸಿದ್ದರೆ ಅದನ್ನೂ ಒಳಗೆ ಹಾಕುತ್ತಿದ್ದೆ.

ಕೊಂದದ್ದು ಯಾರು?

ಬೀದಿಯವರೆಲ್ಲ "ಕೀರಿ, ಕೀರಿ" ಅಂದರು. ಕೀರಿ ಎಂದರೆ ತಮಿಳಿನಲ್ಲಿ ಮುಂಗುಸಿ. ನಮ್ಮ ಕಡೆಯೂ ಕೋಳಿ ಸತ್ತರೆ ಮೊದಲ ಆಪಾದನೆ ಮುಂಗುಸಿಯ ಮೇಲೇ. ಆದರೆ ಮುಂಗುಸಿ ಹಗಲಿನ ಪ್ರಾಣಿ, ರಾತ್ರಿ ಬಿಲದಲ್ಲಿ ಮಲಗುತ್ತದೆ. ನಾಯಿಯಾಗಿದ್ದರೆ ಗೂಡನ್ನು ಕೆಡವಿ ಹೆಣಗಳನ್ನು ಎಳೆದಾಡಿರುತ್ತಿತ್ತು. ಬೆಕ್ಕು ಸಾಮಾನ್ಯವಾಗಿ ಮರಿಯ ತಂಟೆಗೆ ಹೋಗುತ್ತದೆಯೇ ಹೊರತು ಬಲಿತ ಹುಂಜವನ್ನು ಹೊತ್ತುಕೊಂಡು ಹೋಗುವುದು ಕಡಿಮೆ. ನಮ್ಮ ಕೋಳಿಗಳಿಗೆ ಗಾಯ ಇದ್ದದ್ದು ಕತ್ತು ಮತ್ತು ತಲೆಯಲ್ಲಿ ಮಾತ್ರ.

ನಾನು ಮಾಡಿದ ಪತ್ತೇದಾರಿ ಇದು: ಎರಡನೆಯ ರಾತ್ರಿಯಿಂದ ಗೂಡಿನ ಸುತ್ತ ರಂಗೋಲಿ ಪುಡಿಯನ್ನು ತೆಳ್ಳಗೆ ಉದುರಿಸಿದೆ. ಮೂರನೆಯ ಬೆಳಿಗ್ಗೆ ಹೆಜ್ಜೆ ಮೂಡಿತ್ತು. ನಾಯಿ, ಬೆಕ್ಕಿನ ಹೆಜ್ಜೆಯಲ್ಲಿ ನಾಲ್ಕೇ ಬೆರಳು ಕಾಣುತ್ತವೆ. ಇದರಲ್ಲಿ ಐದಿತ್ತು. ಐದು ಬೆರಳು, ಅದೂ ರಾತ್ರಿಯ ಸಂಚಾರ ಎಂದರೆ ಹೆಚ್ಚುಮಟ್ಟಿಗೆ ಮರಬೆಕ್ಕು. ಇಲ್ಲಿಯವರು 'ಮರನಾಯಿ' ಅನ್ನುವ, ಪುನುಗಿನ ಜಾತಿಯ ಪ್ರಾಣಿ. ಚೆನ್ನೈಯ ಹಳೇ ಮನೆಗಳ ಅಟ್ಟದಲ್ಲಿ, ತೆಂಗಿನ ತಲೆಯಲ್ಲಿ ಸಂಸಾರ ಮಾಡುತ್ತದೆ. ಮುಖ್ಯವಾಗಿ ಹಣ್ಣು ತಿನ್ನುವುದಾದರೂ ಕೋಳಿ ಸಿಕ್ಕರೆ ಬಿಡುವುದಿಲ್ಲ. ಮರ ಹತ್ತುವುದರಲ್ಲಿ ನಿಪುಣ. ಗೂಡಿನಲ್ಲೇ ಕೈತುಂಬ ಕೆಲಸ ಸಿಕ್ಕಿದ್ದರಿಂದ ಆ ರಾತ್ರಿ ನುಗ್ಗೆ ಮರದ ಕಡೆ ನೋಡಲಿಲ್ಲ, ಅಷ್ಟೆ.

ತಿಂದದ್ದು ಒಂದು, ಕೊಂದದ್ದು ಆರು. ಯಾಕೆ? "ಪಾಪಿ ಮುಂಡೇದು, ಸೊಕ್ಕು" ಅಂದಳು ಅಜ್ಜಿ. ಸೊಕ್ಕಲ್ಲ. ಹಾನ್ಸ್ ಕ್ರುಕ್ ಎಂಬ ಪ್ರಾಣಿಶಾಸ್ತ್ರಜ್ಞ 1972ರಲ್ಲಿ ಈ ವಿಷಯವಾಗಿಯೇ ಬರೆದ. ಬೇಟೆಯ ಪ್ರಾಣಿಗೆ ಹುಡುಕುವುದು, ಹಿಡಿಯುವುದು, ಕೊಲ್ಲುವುದು, ತಿನ್ನುವುದು ಎಲ್ಲ ಒಂದೇ ಕೆಲಸವಲ್ಲ. ಹೊಟ್ಟೆ ತುಂಬಿದರೆ ಹುಡುಕುವುದು ನಿಲ್ಲುತ್ತದೆ. ಆದರೆ ಎದುರಿಗೇ ಒಂದು ಜೀವ ತಪ್ಪಿಸಿಕೊಳ್ಳಲಾರದೆ ಒದ್ದಾಡುತ್ತಿದ್ದರೆ ಹಿಡಿಯುವುದು, ಕೊಲ್ಲುವುದು ನಿಲ್ಲುವುದಿಲ್ಲ. ಕಾಡಿನಲ್ಲಿ ಒಂದನ್ನು ಹಿಡಿಯುವಷ್ಟರಲ್ಲಿ ಉಳಿದವು ಹಾರಿಹೋಗಿರುತ್ತವೆ, ಅಲ್ಲಿಗೆ ಕೊಲೆ ನಿಲ್ಲುತ್ತದೆ. ನಾವು ಕಟ್ಟಿದ ಗೂಡಿನಲ್ಲಿ ಹಾರಿಹೋಗಲು ದಾರಿ ಇಲ್ಲ. ಮೇಲಾಗಿ ಕೋಳಿಗೆ ಕತ್ತಲಲ್ಲಿ ಕಣ್ಣು ಕಾಣುವುದು ತೀರ ಕಡಿಮೆ. ಹಿತ್ತಲಲ್ಲಿ ಕತ್ತಲಾದ ಮೇಲೆ ಕೋಳಿ ಹಿಡಿದು ನೋಡಿ, ಹಣ್ಣು ಕಿತ್ತಂತೆ ಕೈಗೆ ಬರುತ್ತದೆ. ಮರಬೆಕ್ಕಿಗೂ ಹಾಗೇ ಬಂದಿದೆ.

ಹಾಗಂತ ವಿಷ ಇಡುವುದು, ಉರುಳು ಕಟ್ಟುವುದು ಸಲ್ಲದು. ಮುಂಗುಸಿ, ಪುನುಗು, ಮರಬೆಕ್ಕುಗಳಿಗೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಅಲ್ಲದೆ ಒಂದನ್ನು ಕೊಂದರೆ ಇನ್ನೊಂದು ಬರುತ್ತದೆ. ಅಗುಳಿ ಹಾಕುವುದೇ ಸುಲಭ.

ಒಂಟಿ ಕೋಳಿಗೆ ಏನಾಗುತ್ತದೆ

ಭಾನುವಾರ ಹತ್ತಿರ ಬಂತು. ಅಪ್ಪ ಮೆಲ್ಲಗೆ, "ಅವ್ವ, ಒಂದೇ ಒಂದು ಉಳ್ಕಂಡದೆ. ಅದೂ ಸೊರಗ್ತಾ ಅದೆ. ಸಾಯೋಕ್ ಮುಂಚೆ ಸಾರಾದ್ರೂ ಮಾಡ್ಬುಡನ" ಅಂದರು. ಕೋಳಿ ಕೇಳಿ ಮಸಾಲೆ ಅರೆಯುತ್ತಾರೆಯೇ ಅಂತ ಗಾದೆ ಇದೆ. ಆದರೆ ಅಜ್ಜಿಯನ್ನು ಕೇಳದೆ ನಮ್ಮ ಮನೆಯಲ್ಲಿ ಅರೆಯುವ ಹಾಗಿಲ್ಲ. ಅಜ್ಜಿ ಅಪ್ಪನ ಮುಖ ನೋಡಿ, "ತಾತ ಓದ್ಮೇಲೆ ನಾನೂ ಒಂದೇ ಉಳ್ಕಂಡಿದ್ದೆ ಕಣಪ್ಪ. ನೀನು ಕರ್ಕಬಂದೆ, ಸಾರ್ ಮಾಡ್ನಿಲ್ಲ" ಅಂದಳು. ಅಪ್ಪ ಎದ್ದು ಹೋಗಿ ಪೇಪರು ಹಿಡಿದುಕೊಂಡರು. ಬೂದಿಯ ಜವಾಬ್ದಾರಿ ನನ್ನ ತಲೆಗೆ ಬಂತು.

ಅದರ ಸ್ಥಿತಿ ಹೀಗಿತ್ತು: ಮೊದಲ ದಿನ ಮರದಿಂದ ಇಳಿಯಲೇ ಇಲ್ಲ. ಎರಡನೆಯ ದಿನ ಇಳಿದು, ಕಾಂಪೌಂಡು ಗೋಡೆಯ ಬುಡದಲ್ಲಿ ಆ ತುದಿಯಿಂದ ಈ ತುದಿಗೆ, ಈ ತುದಿಯಿಂದ ಆ ತುದಿಗೆ ನಡೆಯಿತು. ನಡುನಡುವೆ ಕತ್ತೆತ್ತಿ ದೊಡ್ಡ ದನಿಯಲ್ಲಿ ಕೂಗುವುದು, ನಿಂತು ಕೇಳಿಸಿಕೊಳ್ಳುವುದು, ಮತ್ತೆ ನಡೆಯುವುದು. ಕಾಳು ಹಾಕಿದರೆ ಎರಡು ಸಲ ಕುಕ್ಕಿ ಬಿಡುವುದು. ಹಿಕ್ಕೆ ಹಸಿರಾಗಿ ನೀರಾಯಿತು. ಹಸಿದ ಕೋಳಿಯ ಹಿಕ್ಕೆ ಹೀಗೆ ಹಸಿರಾಗುತ್ತದೆ, ಹೊಟ್ಟೆಯಲ್ಲಿ ಪಿತ್ತ ಬಿಟ್ಟು ಬೇರೇನೂ ಇರುವುದಿಲ್ಲವಲ್ಲ. ಮೊಟ್ಟೆ ನಿಂತಿತು.

ಇದು ದುಃಖವೇ? ಕೋಳಿಯನ್ನು ಕೇಳಿ ತಿಳಿಯುವ ಹಾಗಿಲ್ಲ. ಆದರೆ ಅದರ ಮೈ ಹೇಳುವುದನ್ನು ಅಳೆಯಬಹುದು. 2011ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್ ವಿಶ್ವವಿದ್ಯಾನಿಲಯದವರು ಒಂದು ಪ್ರಯೋಗ ಪ್ರಕಟಿಸಿದರು. ತಾಯಿ ಕೋಳಿಯ ಕಣ್ಣೆದುರಿಗೆ ಮರಿಗಳ ಮೇಲೆ ಗಾಳಿ ಊದಿ ಕೊಂಚ ಗಾಬರಿ ಮಾಡಿದರೆ, ತನಗೇನೂ ಆಗದಿದ್ದರೂ ತಾಯಿಯ ಎದೆಬಡಿತ ಏರಿತು, ಕಣ್ಣಿನ ಸುತ್ತಿನ ಬಿಸಿ ಇಳಿಯಿತು. ಇವು ಗಾಬರಿಯ ಗುರುತುಗಳು. ಇನ್ನೊಂದಕ್ಕೆ ಆದದ್ದು ಕೋಳಿಯ ಮೈಗೆ ತಟ್ಟುತ್ತದೆ ಅಂತ ಇಷ್ಟರಿಂದ ಹೇಳಬಹುದು. ಇದಕ್ಕಿಂತ ಹೆಚ್ಚು ಹೇಳಬೇಕಾಗಿಯೂ ಇಲ್ಲ.

ಒಂಟಿಯಾದರೆ ಯಾಕೆ ಇಷ್ಟು ಕಷ್ಟ ಎಂಬುದಕ್ಕೆ ಕಾರಣ ಹುಡುಕಲು ಕಾಡಿಗೆ ಹೋಗಬೇಕು. ನಮ್ಮ ನಾಟಿ ಕೋಳಿಯ ಮೂಲಪುರುಷ ಕೆಂಪು ಕಾಡುಕೋಳಿ. ಅದು ಗುಂಪಿನಲ್ಲಿ ಬದುಕುವ ಪ್ರಾಣಿ. ನೆಲ ಕೆದಕಿ ತಿನ್ನುವವನ ತಲೆ ಯಾವಾಗಲೂ ಕೆಳಗೆ. ಆಗ ಮೇಲಿನ ಗಿಡುಗನನ್ನು ನೋಡುವವರು ಯಾರು? ಪಕ್ಕದವನು. ಏಳು ಕೋಳಿಗಳಿದ್ದರೆ ಹದಿನಾಲ್ಕು ಕಣ್ಣು. ಒಂದರ ತಲೆ ಕೆಳಗಿದ್ದಾಗ ಇನ್ನೊಂದರದು ಮೇಲೆ. ಒಂಟಿಯಾದ ಕೋಳಿ ತಿನ್ನಬೇಕು ಅಂದರೆ ಕಾವಲು ಬಿಡಬೇಕು, ಕಾವಲು ಇರಬೇಕು ಅಂದರೆ ಊಟ ಬಿಡಬೇಕು. ಬೂದಿ ಎರಡು ಸಲ ಕುಕ್ಕಿ ಬಿಟ್ಟದ್ದು ರುಚಿಯಿಲ್ಲದೆ ಅಲ್ಲ, ಧೈರ್ಯವಿಲ್ಲದೆ.

ಕೋಳಿಗಳಿಗೆ ಭಾಷೆಯೂ ಉಂಟು. ಮೇಲಿನಿಂದ ಹದ್ದು ಬಂದರೆ ಒಂದು ಕೂಗು, ನೆಲದ ಮೇಲೆ ನಾಯಿಯೋ ಮುಂಗುಸಿಯೋ ಬಂದರೆ ಬೇರೊಂದು ಕೂಗು. ಕ್ರಿಸ್ಟೋಫರ್ ಎವಾನ್ಸ್, ಪೀಟರ್ ಮಾರ್ಲರ್ ಮತ್ತು ಜೊತೆಯವರು 1993ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಈ ಕೂಗುಗಳನ್ನು ಧ್ವನಿಮುದ್ರಣ ಮಾಡಿ ಹೇಂಟೆಗಳಿಗೆ ಕೇಳಿಸಿದರು. ಹದ್ದೂ ಇಲ್ಲ, ನಾಯಿಯೂ ಇಲ್ಲ, ಬರೀ ಸದ್ದು. ಮೊದಲನೆಯದಕ್ಕೆ ಹೇಂಟೆಗಳು ಮರೆಗೆ ಓಡಿ ಕುಕ್ಕರಿಸಿ ಮೇಲೆ ನೋಡಿದವು. ಎರಡನೆಯದಕ್ಕೆ ನೆಟ್ಟಗೆ ನಿಂತು ಸುತ್ತ ನೋಡಿದವು. ಮಾತಿಗೆ ಅರ್ಥ ಇದೆ ಅಂತಾಯಿತು. ಈಗ ಆ ಮಾತು ಬಲ್ಲವರು ಒಬ್ಬರೂ ಇಲ್ಲದ ಊರಿನಲ್ಲಿ ಕೂಗುವುದೆಂದರೆ? ಹಾಸ್ಟೆಲ್ಲಿಗೆ ಬಂದ ಮೊದಲ ವಾರ, ಕನ್ನಡದಲ್ಲಿ ಉತ್ತರ ಕೊಡುವವರು ಒಬ್ಬರೂ ಸಿಗದೆ ಮೆಸ್ಸಿನಲ್ಲಿ ತಟ್ಟೆ ಹಿಡಿದು ನಿಂತದ್ದನ್ನು ನಿಮ್ಮಲ್ಲಿ ಕೆಲವರು ನೆನಪಿಸಿಕೊಳ್ಳಬಹುದು.

ಮೊದಲ ವಾರ ಮಾಡಬೇಕಾದ್ದು

ಇನ್ನು ಅನುಭವದ ಮಾತು.

ಮೊದಲು ಗಾಯ ನೋಡಬೇಕು. ಕೋಳಿ ಗಾಯವನ್ನು ಬಚ್ಚಿಡುತ್ತದೆ. ಕುಂಟುವವನನ್ನೇ ಹದ್ದು ಮೊದಲು ಆರಿಸುವುದರಿಂದ ಈ ಅಭ್ಯಾಸ. ರೆಕ್ಕೆಯ ಅಡಿ, ಬೆನ್ನು, ಬಾಲದ ಬುಡ, ಇಲ್ಲೆಲ್ಲ ಪುಕ್ಕ ಸರಿಸಿ ನೋಡಬೇಕು. ಹಲ್ಲು ನೆಟ್ಟ ಸಣ್ಣ ತೂತು ಇದ್ದರೂ ಅದನ್ನು ತೊಳೆದು ಪಶುವೈದ್ಯರಿಗೆ ತೋರಿಸಬೇಕು. ಮೇಲೆ ಮುಚ್ಚಿಕೊಂಡು ಒಳಗೆ ಕೀವಾಗುತ್ತದೆ.

ಎರಡನೆಯದು ನೀರು. ಬಲಿತ ಹೇಂಟೆ ದಿನಕ್ಕೆ ಸುಮಾರು ಕಾಲು ಲೀಟರು ನೀರು ಕುಡಿಯುತ್ತದೆ, ನೂರು ಗ್ರಾಮಿಗೆ ಮೇಲಷ್ಟು ಕಾಳು ತಿನ್ನುತ್ತದೆ. ಕಾಳು ಬಿಟ್ಟರೂ ಒಂದೆರಡು ದಿನ ತಡೆದೀತು, ಚೆನ್ನೈಯ ಹವೆಯಲ್ಲಿ ನೀರು ಬಿಟ್ಟರೆ ತಡೆಯದು. ನೀರಿನ ಬಟ್ಟಲನ್ನು ಅದು ಅಡಗುವ ಜಾಗದ ಪಕ್ಕದಲ್ಲೇ ಇಡಬೇಕು. ಬಯಲಿಗೆ ಬಂದು ಕುಡಿಯಲಿ ಅಂತ ಕಾಯಬಾರದು.

ಮೂರನೆಯದು, ತಿಂದಿತೋ ಇಲ್ಲವೋ ಎಂಬುದನ್ನು ತಟ್ಟೆ ನೋಡಿ ತೀರ್ಮಾನಿಸಬಾರದು. ಅರ್ಧ ಪಾಲು ಗುಬ್ಬಿ, ಕಾಗೆ, ಅಳಿಲು ತಿಂದಿರುತ್ತವೆ. ಸಂಜೆ ಮಲಗುವ ಹೊತ್ತಿಗೆ ಕೋಳಿಯ ಕತ್ತಿನ ಬುಡದಲ್ಲಿ, ಎದೆಯ ಬಲಗಡೆ ಇರುವ ಕಾಳಿನ ಚೀಲವನ್ನು ಮುಟ್ಟಿ ನೋಡಬೇಕು. ತುಂಬಿ ದುಂಡಗಿದ್ದರೆ ತಿಂದಿದೆ. ಚಪ್ಪಟೆಯಾಗಿದ್ದರೆ ಇಲ್ಲ. ಬೂದಿಯದು ಮೂರು ಸಂಜೆ ಚಪ್ಪಟೆ. ನಾಲ್ಕನೆಯ ದಿನ ಅಜ್ಜಿ ಜ್ವರ ಬಿಟ್ಟೆದ್ದು, ನೆನೆಸಿದ ನುಚ್ಚಿಗೆ ನುಗ್ಗೆ ಸೊಪ್ಪು ಹೆಚ್ಚಿ ಹಾಕಿ, ಅಂಗೈಯಲ್ಲಿ ಹಿಡಿದುಕೊಂಡು ಅದರ ಪಕ್ಕ ನೆಲದ ಮೇಲೇ ಕೂತಳು. ಕೂತು, ಇನ್ನೊಂದು ಕೈಯ ಬೆರಳಿನಿಂದ ನುಚ್ಚನ್ನು ಟಕ್ ಟಕ್ ಅಂತ ಕುಕ್ಕಿದಳು. ಕೋಳಿ ನೋಡಿತು. ಬಂತು. ತಿಂದಿತು.

ಇದು ಮಂತ್ರವಲ್ಲ. ಒಂದು ಕೋಳಿ ಕುಕ್ಕುವುದನ್ನು ಕಂಡರೆ ಇನ್ನೊಂದಕ್ಕೆ ಕುಕ್ಕುವ ಮನಸ್ಸಾಗುತ್ತದೆ. ತಾಯಿ ಕೋಳಿ ಮರಿಗಳಿಗೆ ತಿನ್ನುವುದನ್ನು ಕಲಿಸುವುದೇ ಹೀಗೆ. ಅಜ್ಜಿ ಪಕ್ಕ ಕೂತದ್ದರಿಂದ ಕಾವಲಿಗೆ ಎರಡು ಕಣ್ಣು ಹೆಚ್ಚಾಯಿತು, ಬೆರಳಿನಿಂದ ಊಟದ ಜೊತೆಗಾರ ಸಿಕ್ಕಿತು. ಅಂದಿನಿಂದ ಬೆಳಿಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಇದೇ ಕ್ರಮ.

ನಾಲ್ಕನೆಯದು ಕನ್ನಡಿ. ಹಿತ್ತಲ ಗೋಡೆಗೆ, ಕೋಳಿಯ ಕಣ್ಣಿನ ಮಟ್ಟಕ್ಕೆ, ಹಳೆಯ ಕನ್ನಡಿಯೊಂದನ್ನು ಒರಗಿಸಿಟ್ಟೆ. ಬೂದಿ ಅದರ ಮುಂದೆ ನಿಂತು ಕತ್ತು ಓರೆ ಮಾಡಿ ನೋಡಿತು. ಮಧ್ಯಾಹ್ನದ ಹೊತ್ತು ಅದರ ಮಗ್ಗುಲಲ್ಲೇ ಮಣ್ಣು ಮೈಗೆ ಎರಚಿಕೊಂಡು ಮಲಗಿತು. ಕೂಗು ಕಡಿಮೆಯಾಯಿತು. ಆದರೆ ಕನ್ನಡಿ ನಾಲ್ಕು ದಿನದ ಮದ್ದು. ಅದರೊಳಗಿನ ಕೋಳಿ ಉತ್ತರ ಕೊಡುವುದಿಲ್ಲ.

ಐದನೆಯದು ಗೂಡು. ಬಂದ ಪ್ರಾಣಿ ಮತ್ತೆ ಬರುತ್ತದೆ. ಮೂರನೆಯ ಬೆಳಿಗ್ಗೆಯ ಹೆಜ್ಜೆಯೇ ಸಾಕ್ಷಿ. ಸತ್ತವನ್ನು ಆಳವಾಗಿ ಹೂಳಬೇಕು. ಗೂಡಿನ ರಕ್ತ, ಪುಕ್ಕ ತೊಳೆದು ಸುಣ್ಣ ಬಳಿಯಬೇಕು. ಅಂಗಡಿಯಲ್ಲಿ ಕೋಳಿ ಜಾಲರಿ ಅಂತ ಕೊಡುವ, ಆರು ಮೂಲೆಯ ಕಣ್ಣಿನ ತೆಳು ತಂತಿ ಕೋಳಿಯನ್ನು ಒಳಗೆ ಇಡುತ್ತದೆಯೇ ಹೊರತು ಬೇಟೆಯ ಪ್ರಾಣಿಯನ್ನು ಹೊರಗೆ ಇಡುವುದಿಲ್ಲ. ಅರ್ಧ ಅಂಗುಲ ಕಣ್ಣಿನ ವೆಲ್ಡ್ ಮೆಶ್ ಬೇಕು. ಅದನ್ನು ಗೋಡೆಯ ಬುಡದಲ್ಲಿ ಒಂದು ಅಡಿಯಷ್ಟು ನೆಲದೊಳಗೆ ಇಳಿಸಬೇಕು. ಇಲ್ಲವಾದರೆ ಕೆದಕಿಕೊಂಡು ಬರುವುವು ಇವೆ, ಹೆಗ್ಗಣವೂ ಸೇರಿ. ಬಾಗಿಲಿಗೆ ಒಂದಲ್ಲ, ಎರಡು ಅಗುಳಿ. ನಾನು ಮೂರು ಹಾಕಿದ್ದೇನೆ, ಕಾರಣ ನಿಮಗೆ ಗೊತ್ತು.

ನನ್ನ ಎರಡನೆಯ ತಪ್ಪು

ಒಂಟಿ ಕೋಳಿಗೆ ಕಡೆಗೆ ಬೇಕಾದದ್ದು ಕೋಳಿಯೇ. ಮನುಷ್ಯನಲ್ಲ, ಕನ್ನಡಿಯಲ್ಲ. ಪಲ್ಲಾವರದಲ್ಲಿ ಶುಕ್ರವಾರ ಸಂತೆ. ಹಳೇ ಫ್ಯಾನಿನಿಂದ ಹಿಡಿದು ಗಿಡ, ಮೀನು, ಪಾರಿವಾಳ, ಕೋಳಿ ತನಕ ಅಲ್ಲಿ ಸಿಗದ ವಸ್ತು ಇಲ್ಲ. ನಾನು ಹೋಗಿ ನಾಲ್ಕು ತಿಂಗಳ ಒಂದು ಎಳೆ ಹೇಂಟೆ ತಂದೆ. ತಂದವನೇ, ಬೂದಿಗೆ ಎಷ್ಟು ಸಂತೋಷವಾಗುತ್ತದೋ ನೋಡೋಣ ಅಂತ ಹಿತ್ತಲಿಗೆ ಬಿಟ್ಟೆ.

ಏಳರಲ್ಲಿ ಏಳನೆಯವಳಾಗಿ, ಎಲ್ಲರ ಕೈಲೂ ಕುಕ್ಕಿಸಿಕೊಂಡು ಬಾಳಿದ ಬೂದಿ ಕತ್ತಿನ ಪುಕ್ಕ ಕೆದರಿಕೊಂಡು ಹಾರಿ ಆ ಮರಿಯ ತಲೆಯ ಮೇಲೆ ಕೂತಿತು. ನಾನು ಬಿಡಿಸುವಷ್ಟರಲ್ಲಿ ಜುಟ್ಟು ಹರಿದು ರಕ್ತ. ನನಗೆ ನಂಬಲಾಗಲಿಲ್ಲ. ಹತ್ತು ದಿನ ಜೊತೆಗಾಗಿ ಅತ್ತದ್ದು ಇದೇ ಕೋಳಿಯೇ?

ಇದಕ್ಕೆ ಉತ್ತರ ಕೊಟ್ಟವನು ನಾರ್ವೆಯ ತೋರ್ಲೈಫ್ ಶೆಲ್ಡೆರುಪ್-ಎಬ್ಬೆ. ಹುಡುಗನಾಗಿದ್ದಾಗಿನಿಂದ ಕೋಳಿಗಳನ್ನು ನೋಡುತ್ತ, ಯಾವುದು ಯಾವುದನ್ನು ಕುಕ್ಕುತ್ತದೆ ಅಂತ ಬರೆದಿಟ್ಟು, 1922ರಲ್ಲಿ ಜರ್ಮನ್ ಭಾಷೆಯಲ್ಲಿ ಪ್ರಕಟಿಸಿದ. ಕೋಳಿಗಳಲ್ಲಿ ಕುಕ್ಕುವ ಸರದಿ ಒಂದಿದೆ: ಮೊದಲನೆಯದು ಎಲ್ಲವನ್ನೂ ಕುಕ್ಕಬಹುದು, ಎರಡನೆಯದು ಮೊದಲನೆಯದನ್ನು ಬಿಟ್ಟು ಉಳಿದವನ್ನು, ಹೀಗೆ ಕೊನೆಯ ತನಕ. ಮೇಲುನೋಟಕ್ಕೆ ಇದು ಕ್ರೌರ್ಯ. ಆದರೆ ಸರದಿ ಒಂದು ಸಲ ಗೊತ್ತಾದ ಮೇಲೆ ಜಗಳ ಕಡಿಮೆಯಾಗುತ್ತದೆ. ಕತ್ತೆತ್ತಿ ನೋಡಿದರೆ ಸಾಕು, ಎದುರಿನದು ದಾರಿ ಬಿಡುತ್ತದೆ. ಸರದಿಯಲ್ಲಿ ಕೊನೆಯವಳಿಗೂ ಒಂದು ಸ್ಥಾನ ಇದೆ, ಯಾರಿಗೆ ಹೆದರಬೇಕು, ಯಾರ ಪಕ್ಕ ಮಲಗಬಹುದು ಎಂಬುದು ಅವಳಿಗೆ ತಿಳಿದಿದೆ. ಆರು ಸತ್ತ ರಾತ್ರಿ ಬೂದಿಗೆ ಜೊತೆಯ ಜೊತೆಗೇ ಆ ತಿಳಿವೂ ಹೋಯಿತು. ಈಗ ಹಿತ್ತಲಷ್ಟೇ ಅದರದು. ಅದರೊಳಕ್ಕೆ ಗುರುತಿಲ್ಲದ್ದೊಂದು ಬಂದು ಬಿದ್ದರೆ ಅದಕ್ಕೆ ಕಾಣುವುದು ಜೊತೆಯಲ್ಲ, ಹಗೆ.

ಅಜ್ಜಿ ಇದನ್ನೇ ನಾರ್ವೆಯ ಸಹಾಯವಿಲ್ಲದೆ ಹೇಳಿದಳು: "ಅಲ್ಲ ಕಣ್ಲಾ, ರಾತ್ರೋರಾತ್ರಿ ಯಾರ್ನೋ ಕರ್ಕಬಂದು ನಿನ್ ಹಾಸ್ಗೇಲಿ ಮನುಗ್ಸುದ್ರೆ ನೀನು ಸುಮ್ಕಿದ್ದೀಯ?"

ಸರಿಯಾದ ಕ್ರಮ

ಹೊಸ ಕೋಳಿಗಳನ್ನು ಸೇರಿಸುವ ಸರಿಯಾದ ಕ್ರಮವನ್ನು ಆಮೇಲೆ ಕಲಿತೆ. ಅದು ಹೀಗೆ.

ಒಂದನ್ನು ತರಬಾರದು, ಎರಡು ಮೂರನ್ನು ತರಬೇಕು. ಒಂದಾದರೆ ಎಲ್ಲ ಏಟೂ ಅದಕ್ಕೇ. ಎರಡಿದ್ದರೆ ಏಟು ಹಂಚಿಹೋಗುತ್ತದೆ, ಅವಕ್ಕೆ ಪರಸ್ಪರ ಜೊತೆಯೂ ಇರುತ್ತದೆ. ಮುಂದಿನ ಶುಕ್ರವಾರ ಇನ್ನೊಂದು ಬಲಿತ ಹೇಂಟೆ ತಂದೆ. ಗಾಯಗೊಂಡ ಎಳೆಯದನ್ನು ಅದರ ಜೊತೆ ಮುಂದಿನ ಅಂಗಳದಲ್ಲಿ ಮಂಕರಿಯಡಿ ಇಟ್ಟೆ.

ತಂದ ಕೋಳಿಯನ್ನು ಮೂರು ವಾರವಾದರೂ ದೂರ ಇಡಬೇಕು. ಸಂತೆಯ ಕೋಳಿ ಎಂದರೆ ಹತ್ತೂರಿನ ರೋಗ. ಅದರಲ್ಲೂ ಕೊಕ್ಕರೆ ರೋಗ ಬಂದರೆ ಉಳಿದ ಒಂದೂ ಉಳಿಯುವುದಿಲ್ಲ. ಇಂಗ್ಲಿಷ್ ಪುಸ್ತಕಗಳಲ್ಲಿ ನ್ಯೂಕ್ಯಾಸಲ್ ರೋಗ ಅನ್ನುತ್ತಾರೆ. ನಮ್ಮ ದೇಶದಲ್ಲಿ ಹಿಮಾಲಯದ ತಪ್ಪಲಿನ ರಾಣಿಖೇತದಲ್ಲಿ ಗುರುತಿಸಿದ್ದರಿಂದ ರಾಣಿಖೇತ್ ರೋಗ ಅಂತಲೂ ಹೆಸರು. ಬಂದ ಮೇಲೆ ಔಷಧವಿಲ್ಲ, ಬರುವ ಮುಂಚೆ ಲಸಿಕೆ ಉಂಟು. ಚೆನ್ನೈಯಲ್ಲಿರುವವರಿಗೆ ಕೇಳುವುದಕ್ಕೆ ಜಾಗದ ಕೊರತೆಯಿಲ್ಲ. ವೇಪೇರಿಯ ಪಶುವೈದ್ಯ ಕಾಲೇಜು 1903ರಿಂದ ಇದೆ. ನಾನು ಮೊದಲ ಸಲ ಇದನ್ನೆಲ್ಲ ಮಾಡದೆಯೂ ಬಚಾವಾದದ್ದು ಅದೃಷ್ಟ, ಬುದ್ಧಿವಂತಿಕೆಯಲ್ಲ.

ಮೂರು ವಾರ ಕಳೆದ ಮೇಲೆ ಒಂದು ವಾರ ನೋಟ ಮಾತ್ರ, ಮುಟ್ಟುವ ಹಾಗಿಲ್ಲ. ಹಿತ್ತಲ ಮಧ್ಯೆ ಜಾಲರಿ ಕಟ್ಟಿ ಒಂದು ಕಡೆ ಬೂದಿ, ಇನ್ನೊಂದು ಕಡೆ ಹೊಸಬರು. ಕಾಳು ಹಾಕುವುದು ಜಾಲರಿಯ ಎರಡೂ ಪಕ್ಕಕ್ಕೆ ಒಟ್ಟಿಗೆ. ಮೊದಲ ಎರಡು ದಿನ ಜಾಲರಿಗೆ ಹಾರಿ ಹಾರಿ ಬಿತ್ತು ಬೂದಿ. ಮೂರನೆಯ ದಿನ ಬೈದುಕೊಂಡೇ ತಿಂದಿತು. ಐದನೆಯ ಮಧ್ಯಾಹ್ನ ಜಾಲರಿಯ ಆ ಪಕ್ಕ ಎರಡು, ಈ ಪಕ್ಕ ಒಂದು, ಮೂರೂ ಒಂದೇ ಕಡೆಗೆ ಮಣ್ಣಿನ ಸ್ನಾನ ಮಾಡುತ್ತಿದ್ದವು.

ಕೊನೆಗೆ, ಸೇರಿಸುವುದು ರಾತ್ರಿ. ಕತ್ತಲಲ್ಲಿ ಕಣ್ಣು ಕಾಣದ ಕೋಳಿ ಜಗಳ ಆಡುವುದಿಲ್ಲ ಎಂದೆನಲ್ಲ, ಮರಬೆಕ್ಕಿಗೆ ಅನುಕೂಲವಾದದ್ದೇ ಇಲ್ಲಿ ನಮಗೂ ಅನುಕೂಲ. ಮಲಗಿದ ಮೇಲೆ ಹೊಸಬರನ್ನು ಎತ್ತಿ ಬೂದಿಯ ಪಕ್ಕದ ಅಡ್ಡಕೋಲಿನ ಮೇಲೆ ಕೂರಿಸಿದೆ. ಬೆಳಿಗ್ಗೆ ಕಾಳಿನ ತಟ್ಟೆ ಎರಡು, ನೀರಿನ ಬಟ್ಟಲು ಎರಡು, ದೂರ ದೂರ ಇಟ್ಟಿದ್ದೆ. ಓಡಿ ಅವಿತುಕೊಳ್ಳುವುದಕ್ಕೆ ಒಂದು ಮುರುಕು ಬೆಂಚು, ಒಂದು ಕೊಂಬೆಯ ರಾಶಿ. ಮೂರು ದಿನ ಕುಕ್ಕಾಟ ನಡೆಯಿತು. ಸಣ್ಣಪುಟ್ಟ ಕುಕ್ಕಾಟವನ್ನು ಬಿಡಿಸಬಾರದು. ಸರದಿ ಗೊತ್ತಾಗುವ ಬಗೆಯೇ ಅದು, ಬಿಡಿಸಿದರೆ ನಾಳೆ ಮೊದಲಿನಿಂದ ಶುರು. ರಕ್ತ ಬಂದರೆ ಮಾತ್ರ ಬೇರೆ ಮಾಡಬೇಕು, ರಕ್ತ ಕಂಡರೆ ಎಲ್ಲವೂ ಅಲ್ಲಿಗೇ ಕುಕ್ಕುತ್ತವೆ. ನಾಲ್ಕನೆಯ ದಿನಕ್ಕೆ ಸರದಿ ಗೊತ್ತಾಯಿತು. ಸಂತೆಯ ಬಲಿತ ಹೇಂಟೆ ಮೊದಲು, ಬೂದಿ ಎರಡನೆಯದು, ಎಳೆಯದು ಕೊನೆ.

ಪೊಂಗಲ್ ಕಳೆದ ಮರುವಾರ ಬೂದಿ ಮೊಟ್ಟೆ ಇಟ್ಟಿತು. ಸುಮಾರು ಎರಡು ತಿಂಗಳು ನಿಂತಿದ್ದದ್ದು. ಇಷ್ಟಕ್ಕೂ ಬೇಸರವೇ ಕಾರಣ ಅಂತ ನಾನು ಹೇಳುವುದಿಲ್ಲ. ಮೊಟ್ಟೆಗೆ ಹಗಲಿನ ಬೆಳಕು ಬೇಕು, ಹದಿನಾಲ್ಕು ಗಂಟೆ ಇದ್ದರೆ ಒಳ್ಳೆಯದು. ಮಾರ್ಗಶಿರ, ಪುಷ್ಯದಲ್ಲಿ ಇಲ್ಲಿ ಹನ್ನೆರಡು ಗಂಟೆಯೂ ಇರುವುದಿಲ್ಲ. ಆದರೆ ಮೊಟ್ಟೆ ಕಂಡ ದಿನ ಅಜ್ಜಿಗೆ ಈ ಲೆಕ್ಕ ಹೇಳಲಿಲ್ಲ.

ಗೆಳೆಯರೇ, ಊರಿನಲ್ಲಿ ನಿಮ್ಮ ಮನೆಗಳಲ್ಲೂ ಕೋಳಿ ಇದ್ದಾವು. ಒಂದು ಬೆಳಿಗ್ಗೆ ಒಂದೇ ಉಳಿದರೆ ಸಾರಿಗೆ ಅವಸರ ಮಾಡಬೇಡಿ. ಪಕ್ಕದಲ್ಲಿ ಕೂತು ತಿನ್ನಿಸಿ, ಗೂಡು ಸರಿಮಾಡಿ, ಎರಡನ್ನು ತನ್ನಿ, ತಾಳ್ಮೆಯಿಂದ ಸೇರಿಸಿ. ಸುಮಾರು ಎರಡು ತಿಂಗಳ ಕೆಲಸ. ಅದಕ್ಕಿಂತ ಸುಲಭವಾದದ್ದು ಸಂಜೆಯ ಅರ್ಧ ನಿಮಿಷದ ಕೆಲಸ.

ಬೂದಿ ಈಗಲೂ ಕತ್ತಲಾಗುವ ಮೊದಲು ನುಗ್ಗೆ ಮರ ಹತ್ತುತ್ತದೆ. ಅದನ್ನು ಇಳಿಸುವವನು ನಾನು. ಅಜ್ಜಿ ಜಗುಲಿಯಿಂದಲೇ ಕೇಳುತ್ತಾಳೆ, "ಎಷ್ಟವ್ಲಾ?" "ಮೂರು ಅಜ್ಜಿ" ಅನ್ನುತ್ತೇನೆ. "ಇನ್ನೊಂದ್ ಕಿತ ಎಣ್ಸು" ಅನ್ನುತ್ತಾಳೆ. ಎಣಿಸುತ್ತೇನೆ.